ಅರವಟ್ಟಿಗೆಯ ಸಾಕ್ಷಿ

ಒಂದೂರಿನ ಶ್ರೀಮಂತ ಬೆಳಗಿನ ತಿಂಡಿಗೆ ಕೂತಿದ್ದ. ಆಗ ಸುದ್ದಿ ಬಂತು, ಸೊಪ್ಪು ಮಾರುವ ಅಜ್ಜಿ ತೀರಿಹೋದಳು. ಬಾಡಿಗೆಯ ತಗಡಿನ ಗುಡಿಸಲಲ್ಲಿ, ಜ್ವರ ಬಂದು. ಇವನ ತುತ್ತು ಕೈಯಲ್ಲೇ ಉಳಿಯಿತು. ಯಾಕೆ ಉಳಿಯಿತು, ಕೇಳಿ.

ಅವನ ಬಂಗಲೆಯ ಎದುರಿಗೆ ಒಂದು ಹಳೆಯ ಕಲ್ಲಿನ ಅರವಟ್ಟಿಗೆ. ದಾರಿಹೋಕರು ದಣಿವಾರಿಸಿಕೊಂಡು ನೀರು ಕುಡಿಯಲಿ ಎಂದು ಅವನ ಮುತ್ತಾತನೇ ಕಟ್ಟಿಸಿದ್ದು. ಅದರ ಪಕ್ಕದ ಖಾಲಿ ಜಾಗದಲ್ಲಿ ಬಡವರಿಗೆ ಮನೆ ಕಟ್ಟಲು ನಗರಸಭೆ ತೀರ್ಮಾನಿಸಿತು. ಅಜ್ಜಿಗೂ ಒಂದು ಮನೆ ಮಂಜೂರಾಯಿತು. ಆಗ ನೋಡಿ, ನಮ್ಮ ಶ್ರೀಮಂತನಿಗೆ ಪರಂಪರೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅಲ್ಲಿಯವರೆಗೆ ಆ ಕಂಬಗಳಿಗೆ ಹಗ್ಗ ಕಟ್ಟಿ ಅವನ ಡ್ರೈವರ್ ಬಟ್ಟೆ ಒಣಗಿಸುತ್ತಿದ್ದ. ಅದು ಸ್ಮಾರಕ ಎಂದು ಆಗ ಕಂಡಿರಲಿಲ್ಲ. ಈಗ ಕಂಡಿತು. ಅದರ ಅಂದ ಕೆಡುತ್ತದೆ ಎಂದು ಕೋರ್ಟಿಗೆ ಹೋದ.

ವಕೀಲರು ಕೇಳಿದರು, "ಅಲ್ಲಿ ಈಗಲೂ ನೀರು ಕೊಡುವ ಪದ್ಧತಿ ಇದೆಯೇ ಸ್ವಾಮಿ? ಇದ್ದರೆ ಕೇಸು ಗಟ್ಟಿ."

"ಇದೆ."

"ಕೊಡುವವರು ಯಾರು, ತಾವೇ?"

ಶ್ರೀಮಂತ ಕೆಮ್ಮಿದ. ಬೇಸಿಗೆಯುದ್ದಕ್ಕೂ ಅಲ್ಲಿ ನೀರಿನ ಹರವಿ ತುಂಬಿಸುತ್ತಿದ್ದವಳು ಸೊಪ್ಪಿನ ಅಜ್ಜಿ. ಬೇರೆ ದಾರಿಯಿಲ್ಲದೆ ಅವಳನ್ನೇ ಸಾಕ್ಷಿಗೆ ಕರೆದ.

ಅಜ್ಜಿ ನಕ್ಕಳು. "ಅಲ್ಲ ಸ್ವಾಮಿ, ನನ್ನ ಮನೆ ತಪ್ಪಿಸೋಕೆ ನಾನೇ ಬರಬೇಕಾ? ಬೇರೆ ಜನ ಸಿಗಲಿಲ್ವಾ?"

"ನೀನು ನೀರಿಡೋದು ನಿಜ ತಾನೇ?"

"ನಿಜ. ನಿಜ ಹೇಳೋಕೆ ಬರ್ತೀನಿ. ಆದ್ರೆ ಬಿಸಿಲು ನೋಡಿ, ನಿಮ್ಮ ಕಾರಲ್ಲೇ ಕರ್ಕೊಂಡು ಹೋಗ್ಬೇಕು."

ಹೋದಳು. ಹೇಳಿದಳು. "ನೀರಿಡ್ತೀನಿ ಬುದ್ಧಿ. ಪಕ್ಕದಲ್ಲೇ ಮನೆ ಆಗಿದ್ರೆ ಹೊರೋದು ಹತ್ರ ಆಗ್ತಿತ್ತು" ಎಂದು ಮುಂದುವರಿಸುವಷ್ಟರಲ್ಲಿ ವಕೀಲರು, "ಸಾಕಮ್ಮ, ಕೂತ್ಕೋ" ಎಂದರು. ತಡೆಯಾಜ್ಞೆ ಸಿಕ್ಕಿತು. ಕೇಸು ಬೆಳೆಯಿತು, ಜಾಗದಲ್ಲಿ ಪಾರ್ಥೇನಿಯಂ ಬೆಳೆಯಿತು. ಅಜ್ಜಿ ತಗಡಿನಡಿಯಲ್ಲೇ ಉಳಿದಳು.

ಅವಳ ಸಾವಿನ ಸುದ್ದಿ ಕೇಳಿದ ಶ್ರೀಮಂತ ತುತ್ತು ಬಿಟ್ಟೆದ್ದು ಆ ಗುಡಿಸಲಿಗೆ ಹೋದ. ಒಳಗೆ ಬಗ್ಗಿ ನಿಲ್ಲುವಷ್ಟೇ ಜಾಗ. ಬಗ್ಗಿದ, ಕೈಮುಗಿದ, ನೇರ ವಕೀಲರ ಬಳಿ ನಡೆದ. "ಕೇಸು ಹಿಂದಕ್ಕೆ ತಗೊಳ್ಳಿ."

"ಗೆಲ್ಲುವ ಕೇಸು ಸ್ವಾಮಿ."

"ಗೆದ್ದಾಗಿದೆ. ಗೆದ್ದದ್ದನ್ನು ಈಗ ತಾನೇ ನೋಡಿಕೊಂಡು ಬಂದೆ."

ಅವನನ್ನು ಕಂಡು ನಿಮಗೆ ನಗು ಬರುತ್ತದೆ, ಅಲ್ಲವೇ? ನಗಿ. ಆದರೆ ನಿಮ್ಮ ಬೀದಿಗೆ ಬಡವರ ಮನೆ ಬರುತ್ತದೆ ಎಂದರೆ, ತಕರಾರು ಅರ್ಜಿಗೆ ರುಜು ಹಾಕಲು ಪೆನ್ನು ಹುಡುಕುವವರು ಇಲ್ಲಿ ಒಬ್ಬರೂ ಇಲ್ಲವೇ? ಹಳೆಯ ಕಲ್ಲನ್ನು ಕಾಪಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಕಾಪಾಡಿ. ಹಿರಿಯರು ಅದನ್ನು ಯಾರಿಗಾಗಿ ನಿಲ್ಲಿಸಿದರು ಎಂಬುದನ್ನೂ ಕಾಪಾಡಿ. ರುಜು ಹಾಕುವ ಮುಂಚೆ, ಯಾರ ಮನೆ ನಿಂತುಹೋಗುತ್ತದೋ ಅವರ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ. ಆಮೇಲೂ ಕೈ ಬಂದರೆ ಹಾಕಿ.

ಭಗವಂತ, ಇಲ್ಲಿ ಸ್ವಂತ ಸೂರು ಕಾಣದೆ ಹೋದ ಆ ತಾಯಿಗೆ ನಿನ್ನ ಪಾದದಲ್ಲಿ ನೆಲೆ ಕೊಡು. ಅವಳ ಆತ್ಮ ಶಾಂತವಾಗಿರಲಿ.