ಅಂಟಿಸಿದ ಗ್ರಾಫ್ ಹಾಳೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಮೂವತ್ತೊಂದು ವರ್ಷ ನನ್ನ ಗಣಿತವನ್ನು ಸಹಿಸಿಕೊಂಡ ಸಭಿಕರೇ,

ನನಗಿಂತ ಮುಂಚೆ ಮಾತನಾಡಿದವರೆಲ್ಲ ನನ್ನನ್ನು ಅಟ್ಟಕ್ಕೇರಿಸಿದರು. 'ಈ ಮೇಷ್ಟ್ರ ಲೆಕ್ಕ ಒಂದು ದಿನವೂ ತಪ್ಪಲಿಲ್ಲ' ಎಂದರು. ತಪ್ಪಲಿಲ್ಲವೇ? ನಿವೃತ್ತಿಯ ದಿನವೂ ಈ ಸುಳ್ಳನ್ನು ಹೊತ್ತುಕೊಂಡೇ ಮನೆಗೆ ಹೋಗಲೇ?

ಹನ್ನೊಂದು ವರ್ಷದ ಹಿಂದಿನ ಮಾತು. ಎರಡು ಸಮೀಕರಣ ಕೊಟ್ಟು, ಗ್ರಾಫ್ ಎಳೆದು ಬಿಡಿಸಿ ಎಂದಿದ್ದೆ. ಎರಡು ಗೆರೆ ಎಲ್ಲಿ ಕೂಡುತ್ತವೋ ಅದೇ ಉತ್ತರ, ಅಷ್ಟೇ ಪಾಠ. ಪುಸ್ತಕದಲ್ಲಿದ್ದ ಕೂಡುವ ಚಿಹ್ನೆಯ ಬದಲು ನಾನು ಬೋರ್ಡಿನ ಮೇಲೆ ಕಳೆಯುವ ಚಿಹ್ನೆ ಬರೆದೆ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ಪುಸ್ತಕದ ಹಿಂದಿನ ಉತ್ತರ ನೋಡಿ, ಗೆರೆಯನ್ನು ಹೇಗೋ ವಾಲಿಸಿ ಐದು-ಎರಡರ ಬಿಂದುವಿಗೆ ತಂದು ಕೂಡಿಸಿದರು. ನಾನೂ ಕಣ್ಣು ಮುಚ್ಚಿಕೊಂಡು ಸರಿ ಗುರುತು ಹಾಕುತ್ತಾ ಹೋದೆ. ನಗಬೇಡಿ, ಅವರಲ್ಲಿ ಇಬ್ಬರು ಈಗ ಇಲ್ಲೇ ಮೇಷ್ಟ್ರು.

ಒಬ್ಬಳು ಮಾತ್ರ ಬೋರ್ಡಿನಲ್ಲಿ ಇದ್ದದ್ದನ್ನೇ ಎಳೆದಳು. ಹಾಳೆ ಮುಗಿದರೂ ಗೆರೆಗಳು ಕೂಡಲಿಲ್ಲ. ಪಕ್ಕಕ್ಕೆ ಇನ್ನೊಂದು ಹಾಳೆ ಅಂಟಿಸಿ, ಎಳೆದು ಎಳೆದು, ಹದಿನೇಳು-ಹತ್ತರಲ್ಲಿ ಕೂಡಿಸಿದಳು. ಅವಳು ನನ್ನ ಮಗಳು.

'ಏನೇ ಇದು, ಹಾಳೆಗೆ ಬಾಲ?' ಎಂದೆ.

'ನೀವು ಬರೆದ ಲೆಕ್ಕಾನೇ ಮಾಡಿದೀನಪ್ಪ... ಅಲ್ಲ, ಸಾರ್.'

ತಿರುಗಿ ಬೋರ್ಡು ನೋಡಿದೆ. ತಪ್ಪು ನನ್ನದೆಂದು ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಿಯೂ, ತರಗತಿಯ ಮುಂದೆ ಮಾನ ಹೋದೀತೆಂದು, ಅಂಟಿಸಿದ ಹಾಳೆಯನ್ನು ಹರಿದು ಅವಳ ಕೆನ್ನೆಗೆ ಹೊಡೆದೆ.

ಅಂದಿನಿಂದ ಅವಳು ಗಣಿತ ಮುಟ್ಟಲಿಲ್ಲ, ನನ್ನೊಡನೆ ಮಾತಾಡಲಿಲ್ಲ. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದಳು. ಈಗ ಮೂರು ಬೀದಿ ಆಚೆ ಟೈಲರ್ ಅಂಗಡಿಯಲ್ಲಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ನಾನು ಎದುರುಗಡೆಯಿಂದ ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಇಂಥವನನ್ನು ಮೇಷ್ಟ್ರು ಎನ್ನುತ್ತೀರಾ? ಅಪ್ಪ ಎನ್ನುತ್ತೀರಾ?

ಇವತ್ತಾದರೂ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ, ಬಾ ಎಂದು ಅವಳ ತಾಯಿಯ ಕೈಲಿ ಹೇಳಿ ಕಳಿಸಿದ್ದೆ. 'ಆ ಮೂವತ್ತೊಂಬತ್ತು ಜನರ ಮುಂದೆ ಹೇಳ್ಬೇಕಿತ್ತಮ್ಮ. ಅವರೆಲ್ಲ ಈಗ ಎಲ್ಲಿದಾರೆ?' ಎಂದಳಂತೆ. ಮುಂದಿನ ಸಾಲಿನಲ್ಲಿ ಅವಳಿಗೆಂದು ಇರಿಸಿದ ಕುರ್ಚಿ ಖಾಲಿಯೇ ಇದೆ. ನಾನೂ ಬಾಗಿಲ ಕಡೆ ನೋಡುವುದನ್ನು ಬಿಟ್ಟಿದ್ದೇನೆ.

ಹರಿದ ಹಾಳೆ ಜೇಬಿನಲ್ಲಿದೆ. ಬೆಳಿಗ್ಗೆ ಕೆಂಪು ಶಾಯಿಯಲ್ಲಿ ಪೂರ್ತಿ ಅಂಕ ಹಾಕಿದೆ. ಯಾರ ಕೈಗೆ ಕೊಡಲಿ?

ಇಷ್ಟು ಹೊತ್ತು ಕೇಳಿದಿರಿ, ಧನ್ಯವಾದ. ದಯವಿಟ್ಟು ಚಪ್ಪಾಳೆ ಬೇಡ. ನಮಸ್ಕಾರ.