ಹೆಬ್ಬೆಟ್ಟು ಒತ್ತಿ ಒಯ್ದ ಫೈಲು

ಬಾಗಿಲು ಹಾಕ್ಕೊಂಡು ಬನ್ನಿ, ಹೇಳ್ತೀನಿ. ಇದು ನನ್ನ ಚಿಕ್ಕಮ್ಮನ ಮಗಳು ಸೌಜನ್ಯಳಿಗೆ ಆದದ್ದು. ವಕೀಲಳ ಮಾತು ಅಂತ ನಗಬೇಡಿ. ಅವಳು ದೆವ್ವದ ಹತ್ತಿರವೂ ಸಾಕ್ಷಿ ಕೇಳುವವಳು.

ಬಸರೀಕಟ್ಟೆ ಕಡೆಯ ಒಂದು ಕಾಫಿ ಕಂಪನಿಯಲ್ಲಿ ಅವಳು ಕಾನೂನು ಅಧಿಕಾರಿ. ಸತ್ತವರ, ಕೆಲಸ ಬಿಟ್ಟವರ ಖಾಸಗಿ ಮಾಹಿತಿ ಸುಮ್ಮನೆ ಇಟ್ಟುಕೊಳ್ಳಬಾರದು, ಫೈಲು ನಾಶಮಾಡಿ ಅಂತ ಮೇಲಿನಿಂದ ಪತ್ರ ಬಂತು. ತಕರಾರಿದ್ದ ಫೈಲನ್ನು ಮಾತ್ರ ಮುಟ್ಟುವಂತಿಲ್ಲ. ಪಟ್ಟಿಯಲ್ಲಿ ನಲವತ್ತೊಂದು ಹೆಸರು. ಕೊನೆಯದು ಭೈರಮ್ಮ, ಹಿಂದಿನ ವರ್ಷ ತೋಟದ ಬಾವಿಗೆ ಬಿದ್ದು ಸತ್ತವಳು.

ಇವಳದ್ದೇನೂ ತಕರಾರಿಲ್ಲವಾ ಅಂತ ಕೇಳಿದರೆ ಮ್ಯಾನೇಜರ್ ಹರಿಹರ ನಕ್ಕು ಪೆನ್ನು ಮುಂದೆ ತಳ್ಳಿದ. ಸೌಜನ್ಯಳಿಗೆ ಅನುಮಾನ ಬಂತು. ಆದರೆ ಶನಿವಾರ, ಟಪಾಲಿನ ಜೀಪು ಹೊರಟು ನಿಂತಿತ್ತು. ಒಂದು ಫೈಲನ್ನೂ ಹರಿಯದೆ 'ಎಲ್ಲವೂ ನಾಶವಾಗಿದೆ' ಅನ್ನುವ ಕಾಗದಕ್ಕೆ ರುಜು ಹಾಕಿಬಿಟ್ಟಳು.

ಫೈಲಿನ ಕೋಣೆಯ ಕೀ ರೈಟರ್ ಸುಬ್ಬಪ್ಪನ ಸೊಂಟದಲ್ಲಿ. ರಿಜಿಸ್ಟರಿನಲ್ಲಿ ರುಜುವೋ ಹೆಬ್ಬೆಟ್ಟೋ ಬೀಳದೆ ಅಲ್ಲಿಂದ ಒಂದು ಚೀಟಿಯೂ ಹೊರಗೆ ಬರುವಂತಿಲ್ಲ, ಅದು ಅವನ ಕಟ್ಟುಪಾಡು.

ಅವತ್ತು ಸಂಜೆ ಏಳಾಗಿತ್ತು. ಕರೆಂಟಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಅದೇ ಬಾವಿಯ ಪಕ್ಕ ಕ್ವಾರ್ಟರ್ಸಿಗೆ ನಡೆದಳು. ರಾಟೆ ಕಿರ್... ಕಿರ್... ಅಂತು. ನಿಂತಿತು. ಹಿಂದೆ ಚಪ್... ಚಪ್... ಒದ್ದೆ ಕಾಲಿನ ಸದ್ದು.

"ಅಮ್ಮಾ... ನನ್ ಫೈಲು ಒಯ್ಯಕ್ಕೆ ಎಂತ ಮಾಡ್ಬೇಕು?" ಪಿಸುಮಾತು.

ಆಫೀಸಿನ ಅಭ್ಯಾಸ ನೋಡಿ, ತಿರುಗದೇ ಹೇಳಿದಳು, "ರಿಜಿಸ್ಟರಲ್ಲಿ ಹೆಬ್ಬೆಟ್ಟು ಒತ್ತಿ."

ಆಮೇಲೆ ತಿರುಗಿದಳು... ಯಾರೂ ಇಲ್ಲ. ಕಲ್ಲಿನ ಮೇಲೆ ನೀರು ಮಾತ್ರ.

ಸೋಮವಾರ ಬೀಗ ತೆಗೆದರೆ ನಲವತ್ತೇ ಫೈಲು, ಭೈರಮ್ಮನದ್ದಿಲ್ಲ. ರಿಜಿಸ್ಟರಿನ ಕೊನೆಯ ಸಾಲಿನಲ್ಲಿ ನೀಲಿ ಹೆಬ್ಬೆಟ್ಟು, ಸುತ್ತ ಕಾಗದ ನೆಂದು ಉಬ್ಬಿತ್ತು. ಯಾರನ್ನು ಒಳಗೆ ಬಿಟ್ಟೆ ಅಂತ ಸುಬ್ಬಪ್ಪನನ್ನು ಗದರಿದಳು. ಕೀ ಸೊಂಟ ಬಿಟ್ಟಿಲ್ಲ ಅಂತ ಅವನು ಆಣೆ ಮಾಡಿದ. ಅವಳು ನಂಬಲಿಲ್ಲ.

ಹದಿನೈದು ದಿನಕ್ಕೆ ಭೈರಮ್ಮನ ಮಗಳು ಮಲ್ಲಿಕಾ ಅಮ್ಮನ ಸಾವಿಗೆ ಪರಿಹಾರ ಕೇಳಿ ಕೊಪ್ಪದ ಕೋರ್ಟಿಗೆ ಹೋದಳು. ಕೈಯಲ್ಲಿ ಅದೇ ಫೈಲು. ಭಾನುವಾರ ಬೆಳಿಗ್ಗೆ ಅವಳ ಹೊಸ್ತಿಲ ಮೇಲೆ ಸಿಕ್ಕಿತ್ತಂತೆ. ಬಾವಿಗೆ ಬಿದ್ದ ದಿನ ಭೈರಮ್ಮ ಕೆಲಸಕ್ಕೇ ಬಂದಿರಲಿಲ್ಲ, ಪರಿಹಾರ ಕೊಡಬೇಕಿಲ್ಲ ಅಂತ ಕಂಪನಿ ಹೇಳುತ್ತಿತ್ತು. ಫೈಲಿನೊಳಗೆ ಆ ದಿನದ ಹಾಜರಿ ಚೀಟಿ ಇತ್ತು, ಅದರಲ್ಲಿ ಭೈರಮ್ಮನ ಹೆಬ್ಬೆಟ್ಟು.

ಅದು ನಕಲಿ ಅಂತ ಹೇಳು, ಅಸಲು ನಾಶವಾಗಿದೆ ಅನ್ನೋದಕ್ಕೆ ನಿನ್ನದೇ ರುಜು ಇದೆಯಲ್ಲ ಅಂದ ಹರಿಹರ. ಇದಕ್ಕೇ ರುಜು ಹಾಕಿಸಿಕೊಂಡಿದ್ದು ಅಂತ ಅವಳಿಗೆ ಆಗ ಹೊಳೆಯಿತು. ಹೆದರಿದಳು, ಪಾಪ. ಹೇಳದಿದ್ದರೆ ಕೆಲಸ ಹೋಗುತ್ತದೆ. ಆದರೂ ಕಟಕಟೆಯಲ್ಲಿ ಅವಳು ಅಂದದ್ದು ಇಷ್ಟೇ, "ಫೈಲು ನಮ್ಮದೇ. ನೋಡದೆ ರುಜು ಹಾಕಿದ್ದು ನನ್ನ ತಪ್ಪು."

ತೀರ್ಪು ಮಲ್ಲಿಕಾಳ ಕಡೆಗಾಯಿತು. ಮರುದಿನವೇ ಕಂಪನಿ ಸೌಜನ್ಯಳನ್ನು ಮನೆಗೆ ಕಳಿಸಿತು. ಚಾರ್ಜು ಒಪ್ಪಿಸಲು ಅವಳು ರಿಜಿಸ್ಟರ್ ತೆರೆದಳು. ಕೊನೆಯ ಸಾಲು... 'ವಾಪಸ್' ಅನ್ನುವ ಕಾಲಂನಲ್ಲಿ ಅದೇ ಹೆಬ್ಬೆಟ್ಟು. ಮುಟ್ಟಿದರೆ ಬೆರಳಿಗೆ ನೀಲಿ ಹತ್ತಿತು.

ಸುಳ್ಳಲ್ಲ ಮಾರಾಯ್ರೆ. ಸುಬ್ಬಪ್ಪ ಈಗ ಬಾಳಗಡಿಯಲ್ಲಿದ್ದಾನೆ, ಹೋಗಿ ಕೇಳಿ. ಅವಳು ಚಾರ್ಜು ಒಪ್ಪಿಸಿದ ದಿನ ಬೀಗ ತೆಗೆದವನು ಅವನೇ. ಕೋರ್ಟಿಗೆ ಹೋಗಿದ್ದ ಭೈರಮ್ಮನ ಫೈಲು ರ್‍ಯಾಕಿನಲ್ಲಿ ತನ್ನ ಜಾಗದಲ್ಲೇ ಇತ್ತಂತೆ, ಕೆಳಗಿನ ಹಲಗೆಗೆ ನೀರು ತೊಟ್ಟಿಕ್ಕುತ್ತಿತ್ತಂತೆ.