ಬರಿಗಾಲಿನ ವಾದ

ಮೂಳೆ ಡಾಕ್ಟರ ಕೋಣೆಯ ಹೊರಗೆ ಮುರಿದ ಮಣಿಕಟ್ಟು ಹಿಡಿದು ಕೂತಿದ್ದ ಟೈಲರ್ ತನ್ನ ನೋವನ್ನೇ ಮರೆತು ಕಿವಿ ನಿಮಿರಿಸಿದ್ದ. ಪಕ್ಕದ ಬೆಂಚಿನಲ್ಲಿ ಕುದುರೆ ಸವಾರಿ ಕಲಿಸುವ ಅಕ್ಕ, ಬಲಪಾದಕ್ಕೆ ಟವೆಲ್ ಸುತ್ತಿಕೊಂಡ ತಮ್ಮ. ಲಾಳ ಹೊಡೆಯುವವನು ಅವಳ ಫೋನಿನಲ್ಲಿ ಉತ್ತರಕ್ಕಾಗಿ ಕಾಯುತ್ತಿದ್ದ.

“ಬೇಗ ಹೇಳೋ. ಕುದುರೆ ಹಿಂಗಾಲಿಗೂ ಲಾಳ ಹೊಡೆಸೋದಾ, ಮುಂಗಾಲಿಂದೂ ತೆಗೆಸೋದಾ?”

“ತೆಗೆಸು. ಲಾಳ ಇಲ್ದಿದ್ರೆ ನನ್ನ ಬೆರಳು ಉಳೀತಿತ್ತು.”

“ಅಷ್ಟು ದೊಡ್ಡ ಕುದುರೆ ಬರಿಗಾಲಲ್ಲಿ ತುಳಿದ್ರೆ ಮುದ್ದು ಮಾಡ್ದಂಗಿರುತ್ತಾ?”

“ಕಾಡುಕುದುರೆಗೆ ಯಾರಕ್ಕ ಲಾಳ ಹೊಡೀತಾರೆ?”

“ಕಾಡಲ್ಲಿ ನಿನ್ನಂಥ ಮೂಟೆ ಅದರ ಬೆನ್ನೇರುತ್ತಾ? ಭಾನುವಾರ ಕಲ್ಲುದಾರೀಲಿ ಓಡ್ಬೇಕು. ಗೊರಸು ಸೀಳಿದ್ರೆ ಮೂರು ತಿಂಗಳು ಲಾಯದಲ್ಲೇ.”

“ಬರಿಗಾಲಲ್ಲಿ ನಡೆದ್ರೆ ಗಟ್ಟಿಯಾಗುತ್ತೆ ಅಂತ ಒಂದು ವರ್ಷದಿಂದ ನಾನೇ ನಡೆದು ತೋರಿಸ್ಲಿಲ್ವಾ?”

“ಹೂಂ, ಕುದುರೆ ಕಾಲಡಿ ನಿಂತೂ ತೋರಿಸ್ದೆ, ಮಹಾರಾಯ.”

ತಮ್ಮ ಟವೆಲಿನ ಅಂಚು ಸರಿಸಿ ಬೆರಳನ್ನು ನೋಡಿಕೊಂಡ.

“ಅಕ್ಕ, ಬೂಟಿದ್ದಿದ್ರೆ ಬೆರಳು ಉಳೀತಿತ್ತಾ?”

“ಉಳೀತಿತ್ತು.”

“ಹೋಗ್ಲಿ, ಹೊಡೆಸು.”

ಅಷ್ಟರಲ್ಲಿ ನರ್ಸ್ ಕರೆದಳು. ಅಕ್ಕನ ಹೆಗಲು ಹಿಡಿದು ತಮ್ಮ ಒಂಟಿಕಾಲಲ್ಲಿ ಕುಪ್ಪಳಿಸಿದ. ಒಳಗೆ ಹೋಗುತ್ತಾ ಅವಳು ಫೋನಿಗೆ ಹೇಳಿದ್ದು ಟೈಲರಿಗೆ ಸ್ಪಷ್ಟವಾಗಿ ಕೇಳಿಸಿತು:

“ನಾಲ್ಕಕ್ಕೂ ಹೊಡಿಯಪ್ಪ. ಐದನೇ ಕಾಲಿಗೆ ಇಲ್ಲಿ ಡಾಕ್ಟ್ರೇ ಹೊಡೀತಾರೆ.”